ಆಲೆಮನೆಯ ಚಿಮಣಿಯೂ ಮಾಳಿಗೆಯ ಮೆಟ್ಟಿಲೂ

ಮಂಡ್ಯದ ಸುತ್ತಮುತ್ತಲಿನ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರುವರು. ಕೊಪ್ಪರಿಗೆಯ ಕೆಳಗಿನ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯನ್ನು ಒಡ್ಡಿದರೆ ಸಾಕು, ತಿದಿಯ ನೆರವಿಲ್ಲದೆಯೇ ಬೆಂಕಿ ಭೋರೆಂದು ಉರಿಯುವುದು. ಒಲೆಗೆ ಸೇರಿಸಿ ಎತ್ತರವಾಗಿ ಕಟ್ಟಿದ ಚಿಮಣಿಯೇ ಇದಕ್ಕೆ ಕಾರಣ. ಇಂತಹುದೇ ಚಿಮಣಿಯೊಂದನ್ನು ನಾವು ಅರಿಯದೆ ನಮ್ಮ ಮನೆಯೊಳಗೂ ಕಟ್ಟಿಕೊಳ್ಳುವುದುಂಟು. ಅದು ಹೇಗೆಂಬುದನ್ನು ವಿಚಾರಿಸೋಣ.

ಒತ್ತಡ ಬದಲಾಗದಿರುವಾಗ ಅನಿಲದ ಗಾತ್ರವು ಅದರ ಕೆಲ್ವಿನ್ ಉಷ್ಣತೆಗೆ ಅನುಪಾತದಲ್ಲಿರುವುದು. 27 ಡಿಗ್ರಿ ಸೆಲ್ಸಿಯಸ್ ಎಂದರೆ 300 ಕೆಲ್ವಿನ್. 327 ಡಿಗ್ರಿ ಎಂದರೆ 600 ಕೆಲ್ವಿನ್. ಆದುದರಿಂದ ಈ ಉಷ್ಣತೆಗೆ ಕಾದ ಗಾಳಿಯ ಗಾತ್ರ ಇಮ್ಮಡಿಯಾಗಿ ಸಾಂದ್ರತೆ ಅರ್ಧವಾಗುವುದು, ಘನಮೀಟರಿಗೆ 1.2 ಕಿಲೋಗ್ರಾಂ ಇದ್ದುದು 0.6ಕ್ಕೆ ಇಳಿಯುವುದು. 7 ಮೀಟರ್ ಎತ್ತರದ ಕೊಳವೆಯಲ್ಲಿ ಇಂತಹ ಗಾಳಿ ತುಂಬಿದರೆ ಉಂಟಾಗುವ ಒತ್ತಡದ ವ್ಯತ್ಯಾಸ 0.6 × 9.8 × 7, ಅಂದರೆ ಸುಮಾರು 41 ಪಾಸ್ಕಲ್. 2 ಚದರ ಮೀಟರಿನ ಬಾಗಿಲಿನ ಮೇಲೆ ಇದು 8 ಕಿಲೋಗ್ರಾಂ ತೂಕದಷ್ಟು ಬಲ. ಸಂದುಗಳಲ್ಲಿ ಹೊಗೆಯನ್ನು ನುಗ್ಗಿಸಲು ಇಷ್ಟು ಧಾರಾಳವಾಗಿ ಸಾಕು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಪೇಟೆಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಸಂಸಾರ ಇರುವ ಕಟ್ಟಡಗಳುಂಟು. ಹಳೆಯ ಮನೆಯ ಮುಂಭಾಗವನ್ನು ಅಂಗಡಿಯಾಗಿ ಮಾರ್ಪಡಿಸಿ ಮೇಲೆ ಅಂತಸ್ತು ಏರಿಸುವಾಗ, ಜಾಗ ಉಳಿಸಲೆಂದು ಮೆಟ್ಟಿಲನ್ನು ಅಂಗಡಿಯೊಳಗಿನಿಂದಲೇ ಹತ್ತಿಸಿದರೆ ಏನಾಗುವುದು? ಅಂಗಡಿಯೇ ಒಲೆ, ಮೆಟ್ಟಿಲಿನ ಓಣಿಯೇ ಚಿಮಣಿ, ಮಲಗುವ ಕೋಣೆಯೇ ಅದರ ಬಾಯಿ! ಜ್ವಾಲೆಗಿಂತ ಮೊದಲು ಹೊಗೆ ಮೇಲೇರುವುದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿನೊಡನೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಬೆರೆಯುವುದು. ನಿದ್ರೆಯಲ್ಲಿರುವವರು ಎಚ್ಚರಗೊಳ್ಳದೆಯೇ ಮೂರ್ಛೆ ಹೋಗಬಹುದು. ಇನ್ನು, ಎಚ್ಚೆತ್ತವರು ಇಳಿಯಬೇಕಾದುದೂ ಅದೇ ಮೆಟ್ಟಿಲಿನಲ್ಲಿ.

ಇದು ಬರಿಯ ಊಹೆಯಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ವಿದ್ಯುತ್ ತಂತಿಗಳು ಹಾದುಹೋಗುವ ಲಂಬ ಓಣಿಯಲ್ಲಿ ಬೆಂಕಿ ಹುಟ್ಟಿತು. ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. ಉಸಿರುಕಟ್ಟಿ ಕೆಲವರೂ, ಕಿಟಕಿಗಳಿಂದ ಹಾರಿ ಕೆಲವರೂ ಸೇರಿ ಒಂಬತ್ತು ಮಂದಿ ಮಡಿದರು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು ಅಗ್ನಿಸುರಕ್ಷತೆಯನ್ನು ಕುರಿತದ್ದು. ಅದರಲ್ಲಿ ವಾಸದ ಮನೆ ‘ಎ’ ವರ್ಗ, ಅಂಗಡಿ ‘ಎಫ್’ ವರ್ಗ. ಒಂದೇ ಕಟ್ಟಡದಲ್ಲಿ ಎರಡು ವರ್ಗಗಳು ಸೇರಿದರೆ, ಬೆಂಕಿಯನ್ನು ತಡೆಯಬಲ್ಲ ಗೋಡೆ ಅವನ್ನು ಬೇರ್ಪಡಿಸದಿದ್ದಲ್ಲಿ, ಹೆಚ್ಚು ಅಪಾಯದ ವರ್ಗಕ್ಕೆ ಹೇಳಿದ ಕಟ್ಟುಪಾಡುಗಳು ಇಡೀ ಕಟ್ಟಡಕ್ಕೆ ಅನ್ವಯಿಸುವುವು. ಮೇಲೆ ಹೇಳಿದ ಭೌತನಿಯಮವನ್ನು ನೆನೆದರೆ ಇದರ ಔಚಿತ್ಯ ತಾನೇ ಹೊಳೆಯುವುದು. ಒಲೆಗೂ ಚಿಮಣಿಗೂ ಇರುವ ಸಂಬಂಧವನ್ನು ಕಡಿಯುವುದೇ ಇದರ ಉದ್ದೇಶ. ಆದುದರಿಂದ ನವೀಕರಣದ ನಕ್ಷೆ ಬರೆಯಿಸುವಾಗಲೇ ಮೆಟ್ಟಿಲನ್ನು ಅಂಗಡಿಯಿಂದ ಬೇರ್ಪಡಿಸಿ, ನೇರವಾಗಿ ಬೀದಿಗೆ ಇಳಿಯುವಂತೆ ಮಾಡಿಸಬೇಕು. ಅದರ ದಾರಿಯಲ್ಲಿ ಸರಕಿನ ಮೂಟೆಗಳನ್ನು ಒಟ್ಟಲಾಗದು. ಹಳೆಯ ತಂತಿಗಳನ್ನೂ ಪರೀಕ್ಷಿಸಬೇಕು. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಉಷ್ಣ ನಾಲ್ಮಡಿಯಾಗುವುದೆಂಬುದು ಜೂಲನ ನಿಯಮ. ನಾಲ್ಕು ದೀಪಗಳಿಗೆಂದು ಎಳೆದ ತಂತಿ ಶೀತಕಯಂತ್ರದ ಹೊರೆಯನ್ನು ತಾಳಲಾರದು.

ವಿದ್ಯಾರ್ಥಿಗಳು ಮನೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಅಡುಗೆ ನಡೆಯುವಾಗ ಅಡುಗೆಮನೆಯ ಬಾಗಿಲನ್ನು ತುಸುವೇ ತೆರೆದು, ಊದುಬತ್ತಿಯನ್ನು ಸಂದಿನ ಮೇಲ್ತುದಿಯಲ್ಲಿಯೂ ಬುಡದಲ್ಲಿಯೂ ಹಿಡಿಯಿರಿ. ಮೇಲೆ ಹೊಗೆ ಹೊರಕ್ಕೆ ಬಾಗುವುದು, ಕೆಳಗೆ ಒಳಕ್ಕೆ. ಒಂದು ಬಾಗಿಲಿನ ಎತ್ತರದಲ್ಲಿಯೇ ಹೀಗಾದರೆ ಎರಡು ಅಂತಸ್ತಿನ ಮೆಟ್ಟಿಲಿನಲ್ಲಿ ಏನಾಗುವುದೆಂಬುದನ್ನು ಮನೆಯ ಹಿರಿಯರಿಗೂ ತೋರಿಸಿ ತಿಳಿಸಿರಿ.