ಲಿಪಿ, ಗಣ, ತಾಳ: ಶಾಲಾ ಗಾಯನಕ್ಕೆ ಪೂರ್ವಸಿದ್ಧತೆ

ಛಂದಸ್ಸು ಪರೀಕ್ಷೆಗಷ್ಟೇ ಬೇಕಾದ ವಿಷಯವೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಉಂಟು. ಐಚ್ಛಿಕ ಕನ್ನಡ ಓದಿದವರು ಮುಂದೆ ಶಿಕ್ಷಕರಾಗಿ ಶಾಲೆಯ ಗಾಯನವೃಂದವನ್ನೋ ಬ್ಯಾಂಡನ್ನೋ ಸಿದ್ಧಪಡಿಸಬೇಕಾದಾಗ ಪ್ರಸ್ತಾರವೇ ಅವರ ಮೊದಲ ಉಪಕರಣ. ಗಡಿನಾಡಿನಲ್ಲಿ ಅದರ ಅಗತ್ಯ ಇನ್ನೂ ಹೆಚ್ಚು.

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಮೊರಪ್ಪೂರಿನಂಥ ಊರಿನಲ್ಲಿ, ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು ಓದುವ ಮಗು ಕನ್ನಡ ಹಾಡನ್ನು ತಮಿಳು ಅಕ್ಷರಗಳಲ್ಲಿ ಬರೆದುಕೊಳ್ಳುವುದು ಸಹಜ. ಆ ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರ. ಪದದ ಮೊದಲಲ್ಲಿ ಅದರ ಉಚ್ಚಾರ ‘ಕ’, ಸ್ವರಗಳ ನಡುವೆ ‘ಗ’. ಆದ್ದರಿಂದ ‘ಗಾಳಿ’ ‘ಕಾಳಿ’ಯಾಗುತ್ತದೆ, ‘ಮಕರ’ ‘ಮಗರ’ವಾಗುತ್ತದೆ. ‘ಕ’ಕಾರ ಉಳಿಯಲೆಂದು ದ್ವಿತ್ವ ಬರೆದರೆ ‘ಮಕ್ಕರ’. ಮೂರು ಮಾತ್ರೆ ನಾಲ್ಕಾಗಿ ತಾಳವೂ ಕೆಡುತ್ತದೆ. ಮರಾಠಿ ಶಾಲೆಯ ಮಗುವಿನ ತೊಡಕು ಬೇರೆ. ಮರಾಠಿಯ ದೇವನಾಗರಿಯಲ್ಲಿ ವರ್ಗಾಕ್ಷರಗಳೆಲ್ಲ ಇದ್ದರೂ ಹ್ರಸ್ವ ಎ, ಒ ಇಲ್ಲ; ‘ಕೊಡು’ ‘ಕೋಡು’ ಆಗಿ ಎರಡು ಮಾತ್ರೆ ಮೂರಾಗುತ್ತದೆ.

ಇದಕ್ಕೆ ಪರಿಹಾರ ಹಳೆಯದೇ. ತಮಿಳಿನ ಸಂಗೀತ ಪುಸ್ತಕಗಳಲ್ಲಿ ಅಕ್ಷರದ ಪಕ್ಕದಲ್ಲಿ 2, 3, 4 ಎಂಬ ಅಂಕಿಗಳನ್ನಿಟ್ಟು ಖ, ಗ, ಘಗಳನ್ನು ಗುರುತಿಸುವ ಪದ್ಧತಿಯಿದೆ. ಪುರಂದರದಾಸರ ಹೆಸರಿನಲ್ಲಿರುವ, ಮಲಹರಿ ರಾಗದ ಪಿಳ್ಳಾರಿ ಗೀತೆಗಳಿಂದಲೇ ಕರ್ನಾಟಕ ಸಂಗೀತದ ಗೀತಪಾಠ ಮೊದಲಾಗುವುದರಿಂದ, ತಮಿಳು ಮಕ್ಕಳಿಗೆ ಹಾಡಿನ ಕನ್ನಡ ಅಪರಿಚಿತವೂ ಅಲ್ಲ. ಕನ್ನಡ ಲಿಪಿ ಕಲಿಸುವವರೆಗೆ ಶಿಕ್ಷಕರು ಈ ಅಂಕಿಗಳನ್ನೇ ಬಳಸಬಹುದು.

ಸಿದ್ಧತೆಯ ಕ್ರಮ ಹೀಗಿರಲಿ:

1. ರಾಗವಿಲ್ಲದೆ ಪದ್ಯವನ್ನು ವಾಚಿಸಿ, ಅರ್ಥ ಹೇಳಿ, ಉಚ್ಚಾರವನ್ನು ತಿದ್ದಬೇಕು. ರಾಗದೊಡನೆ ನಾಲಗೆಗೆ ಅಂಟಿದ ತಪ್ಪನ್ನು ಬಿಡಿಸುವುದು ಕಷ್ಟ.

2. ಪ್ರಸ್ತಾರ ಹಾಕಿ ತಾಳವನ್ನು ನಿರ್ಣಯಿಸಬೇಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಗಣಗಳು 3+4. ಏಳು ಮಾತ್ರೆಯ ಮಿಶ್ರಚಾಪು ಅದಕ್ಕೆ ಒಪ್ಪುತ್ತದೆ. ಲಕ್ಷ್ಮೀಶನ ವಾರ್ಧಕಕ್ಕೆ ಐದು ಮಾತ್ರೆಯ ಗಣ. ಅದಕ್ಕೆ ಖಂಡಚಾಪು ಹೊಂದುತ್ತದೆ.

3. ಬ್ಯಾಂಡಿನ ಡ್ರಮ್ಮಿನದು ನಡಿಗೆಯ ಸಮಗತಿ. ಭಾಮಿನಿಯನ್ನು ಅದಕ್ಕೆ ಬಗ್ಗಿಸಿದರೆ ಪದಗಳು ಅಸ್ಥಾನದಲ್ಲಿ ತುಂಡಾಗುತ್ತವೆ. ನಾಲ್ಕು ಮಾತ್ರೆಯ ಗಣಗಳ ಮಂದಾನಿಲ ರಗಳೆಯಂಥ ರಚನೆಯನ್ನು ಆರಿಸುವುದು ಲೇಸು.

4. ಉಸಿರೆಳೆಯುವ ಸ್ಥಳಗಳನ್ನು ಮೊದಲೇ ಗುರುತು ಹಾಕಬೇಕು. ಗಣ ಮುಗಿದೆಡೆಯಲ್ಲೆಲ್ಲ ಪದ ಮುಗಿಯದು. ಉಸಿರು ಅರ್ಥವನ್ನು ಅನುಸರಿಸಬೇಕು.

5. ಶ್ರುತಿ ಮಕ್ಕಳ ಕಂಠಕ್ಕೆ ಹೊಂದಬೇಕು, ಶಿಕ್ಷಕರ ಕಂಠಕ್ಕಲ್ಲ. ವಾದ್ಯಗಳ ದನಿ ಮಾತನ್ನು ಮುಚ್ಚಬಾರದು.

ಮನೆಮಾತನ್ನು ಶಾಲೆಯಲ್ಲಿ ಓದದ ಮಗುವಿಗೆ ಕನ್ನಡವು ಶುದ್ಧ ರೂಪದಲ್ಲಿ ದೊರೆಯುವುದು ಹಲವೊಮ್ಮೆ ಹಾಡಿನಲ್ಲಿ ಮಾತ್ರ. ಅಲ್ಲಿಯೂ ಅಕ್ಷರ ಸವೆದರೆ, ತಿದ್ದಿಕೊಳ್ಳಲು ಆ ಮಗುವಿಗೆ ಬೇರೆ ಪುಸ್ತಕವಿರುವುದಿಲ್ಲ.

ಅಭ್ಯಾಸ: ಪಠ್ಯದ ಒಂದು ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ, ಮಿಶ್ರಚಾಪುವಿನಲ್ಲಿ ಕೈತಾಳದೊಡನೆ ವಾಚಿಸಿರಿ. ಉಸಿರೆಳೆಯುವ ಸ್ಥಳಗಳನ್ನು ಗುರುತಿಸಿ, ಕಾರಣ ಬರೆಯಿರಿ.