ತಂತ್ರಾಂಶ ಪರಿಷ್ಕರಣೆಯ ನಂತರ ಗೂಢಲಿಪಿಯ ಇ-ಮೇಲ್ ತೆರೆಯದಿದ್ದರೆ: ವರ್ತಕರಿಗೊಂದು ಪಾಠ

ತಿಪಟೂರಿನ ಉಂಡೆ ಕೊಬ್ಬರಿಗೆ ಉತ್ತರ ಭಾರತದ ಖರೀದಿದಾರರೇ ಮುಖ್ಯ ಆಧಾರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನಕಾಯಿ ಪೌಡರ್ ಕಾರ್ಖಾನೆಗಳು ಹಾಗೂ ನಾರಿನ ಘಟಕಗಳು ಸಹ ದೂರದ ಊರುಗಳೊಡನೆ ವ್ಯವಹರಿಸುತ್ತವೆ. ದರಪಟ್ಟಿ, ಒಪ್ಪಂದ, ಬ್ಯಾಂಕ್ ಖಾತೆಯ ವಿವರಗಳು ಇ-ಮೇಲ್ ಮೂಲಕ ಹೋಗಿಬರುವಾಗ ಅವುಗಳನ್ನು ಅನ್ಯರು ಓದದಂತೆ ಗೂಢಲಿಪಿಗೆ, ಅಂದರೆ ಎನ್‌ಕ್ರಿಪ್ಷನ್‌ಗೆ ಒಳಪಡಿಸುವುದು ವಿವೇಕಯುತ ಕ್ರಮ. ಆದರೆ ಗಣಕಯಂತ್ರದ ತಂತ್ರಾಂಶವನ್ನು ಪರಿಷ್ಕರಿಸಿದ ಮರುದಿನವೇ ಪತ್ರಗಳು ತೆರೆಯದಿರುವ ಪ್ರಸಂಗಗಳುಂಟು. ಆಗ ಗೂಢಲಿಪಿಯನ್ನೇ ತೆಗೆದುಹಾಕುವುದು ಅಥವಾ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು ರೋಗಕ್ಕಿಂತ ಚಿಕಿತ್ಸೆಯೇ ಹೆಚ್ಚು ಹಾನಿ ಮಾಡಿದಂತಾಗುತ್ತದೆ. ದೋಷವು ಎಲ್ಲಿದೆಯೆಂದು ಮೊದಲು ಗುರುತಿಸಬೇಕು.

ಎರಡು ಬಗೆಯ ರಕ್ಷಣೆ

ಒಂದನೆಯದು ಮಾರ್ಗದ ರಕ್ಷಣೆ. ನಮ್ಮ ಗಣಕಯಂತ್ರದಿಂದ ಇ-ಮೇಲ್ ಸರ್ವರ್‌ವರೆಗಿನ ಹಾದಿಯನ್ನು ಟಿ.ಎಲ್.ಎಸ್. ಎಂಬ ವ್ಯವಸ್ಥೆಯು ಕಾಯುತ್ತದೆ. ಇದನ್ನು ಮುಚ್ಚಿದ ಲಾರಿಗೆ ಹೋಲಿಸಬಹುದು. ಎರಡನೆಯದು ಪತ್ರದ ರಕ್ಷಣೆ. ಎಸ್-ಮೈಮ್ ಅಥವಾ ಓಪನ್ ಪಿ.ಜಿ.ಪಿ. ವಿಧಾನದಲ್ಲಿ ಪತ್ರವನ್ನೇ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕಳುಹಿಸಲಾಗುತ್ತದೆ. ಪಡೆಯುವವರ ಸಾರ್ವಜನಿಕ ಕೀಲಿಯಿಂದ ಬೀಗ ಬೀಳುತ್ತದೆ. ಅವರಲ್ಲಿರುವ ಖಾಸಗಿ ಕೀಲಿಯಿಂದ ಮಾತ್ರ ತೆರೆಯುತ್ತದೆ.

ಯಾವ ಪತ್ರವೂ ಬಾರದೆ, ಹೋಗದೆ ಇದ್ದರೆ ದೋಷವು ಸಾಮಾನ್ಯವಾಗಿ ಮಾರ್ಗದಲ್ಲಿದೆ. ಉಳಿದವು ಸರಿಯಿದ್ದು ಗೂಢಲಿಪಿಯ ಪತ್ರಗಳು ಮಾತ್ರ ತೆರೆಯದಿದ್ದರೆ ದೋಷವು ಕೀಲಿಯಲ್ಲಿದೆ. ಪತ್ರ ತೆರೆದರೂ ಸಹಿಯ ಬಗ್ಗೆ ಎಚ್ಚರಿಕೆ ಕಂಡುಬಂದರೆ ಪ್ರಮಾಣಪತ್ರವನ್ನು ಪರಿಶೀಲಿಸಬೇಕು.

ಮಾರ್ಗದ ದೋಷ

ಮೊದಲು ಯಂತ್ರದ ದಿನಾಂಕ ಮತ್ತು ವೇಳೆಯನ್ನು ನೋಡಿ. ಅವು ತಪ್ಪಾಗಿದ್ದರೆ ಸರಿಯಾದ ಪ್ರಮಾಣಪತ್ರವೂ ಅವಧಿ ಮೀರಿದಂತೆ ತೋರುತ್ತದೆ. ಟಿ.ಎಲ್.ಎಸ್.ನ 1.0 ಮತ್ತು 1.1 ಆವೃತ್ತಿಗಳನ್ನು 2021ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಮಾನಕದಿಂದ ಕೈಬಿಡಲಾಯಿತು. ಆದುದರಿಂದ ಹೊಸ ತಂತ್ರಾಂಶವು ಹಳೆಯ ಸರ್ವರ್ ಜೊತೆಗೂ, ಹಳೆಯ ತಂತ್ರಾಂಶವು ಹೊಸ ಸರ್ವರ್ ಜೊತೆಗೂ ಸಂಪರ್ಕ ಸಾಧಿಸದೇ ಇರಬಹುದು. ಪತ್ರ ಪಡೆಯಲು ಐಮ್ಯಾಪ್ ಬಳಸುವವರು ಪೋರ್ಟ್ 993 ಇದೆಯೇ ಎಂದೂ, ಕಳುಹಿಸಲು 465 ಅಥವಾ 587 ಇದೆಯೇ ಎಂದೂ ನೋಡಬೇಕು. 465ಕ್ಕೆ ಎಸ್.ಎಸ್.ಎಲ್./ಟಿ.ಎಲ್.ಎಸ್., 587ಕ್ಕೆ ಸ್ಟಾರ್ಟ್-ಟಿ.ಎಲ್.ಎಸ್. ಆಯ್ಕೆ ಹೊಂದುತ್ತದೆ. 'ನನ್' ಎಂಬ ಆಯ್ಕೆಯನ್ನು ಎಂದಿಗೂ ಮಾಡಬಾರದು.

ಪಾಸ್‌ವರ್ಡ್ ಸರಿಯಿದ್ದರೂ ತಿರಸ್ಕೃತವಾಗುತ್ತಿದ್ದರೆ ಕಾರಣ ಬೇರೆ. 2022ರ ಮೇ ಅಂತ್ಯದಿಂದ ಜಿಮೇಲ್‌ನ ವೈಯಕ್ತಿಕ ಖಾತೆಗಳಿಗೆ ಕೇವಲ ಖಾತೆಯ ಪಾಸ್‌ವರ್ಡ್ ನೀಡಿ ಹಳೆಯ ಇ-ಮೇಲ್ ತಂತ್ರಾಂಶಗಳಿಂದ ಪ್ರವೇಶಿಸುವುದನ್ನು ಗೂಗಲ್ ನಿಲ್ಲಿಸಿತು. ಅಂತಹ ಖಾತೆಗಳನ್ನು ಗೂಗಲ್‌ನ ಪ್ರವೇಶ ಪುಟದ ಮೂಲಕ ಹೊಸದಾಗಿ ಜೋಡಿಸಬೇಕು.

ಕೀಲಿಯ ದೋಷ

ಇದಕ್ಕೆ ಉತ್ತಮ ನಿದರ್ಶನ ಥಂಡರ್‌ಬರ್ಡ್ ತಂತ್ರಾಂಶ. 2020ರಲ್ಲಿ ಬಂದ ಅದರ 78ನೇ ಆವೃತ್ತಿಯಲ್ಲಿ ಎನಿಗ್‌ಮೇಲ್ ಎಂಬ ಪೂರಕ ತಂತ್ರಾಂಶವು ಹಿಂದಿನಂತೆ ಕೆಲಸ ಮಾಡಲಿಲ್ಲ, ಓಪನ್ ಪಿ.ಜಿ.ಪಿ. ಸೌಲಭ್ಯವು ಥಂಡರ್‌ಬರ್ಡ್‌ನಲ್ಲಿಯೇ ಸೇರಿತು. ಹಳೆಯ ಕೀಲಿಗಳನ್ನು ಹೊಸ ಸಂಗ್ರಹಕ್ಕೆ ತಂದುಕೊಳ್ಳದವರಿಗೆ ಪತ್ರಗಳು ತೆರೆಯಲಿಲ್ಲ. ಕೀಲಿ ನಾಶವಾಗಿರಲಿಲ್ಲ, ಅದರ ಸ್ಥಳ ಬದಲಾಗಿತ್ತು ಅಷ್ಟೆ. ಕೀ ಮ್ಯಾನೇಜರ್‌ಗೆ ಹೋಗಿ ಕಡತದಿಂದ ಖಾಸಗಿ ಕೀಲಿಯನ್ನು ಆಮದು ಮಾಡಿಕೊಂಡರೆ ಸಮಸ್ಯೆ ಬಗೆಹರಿಯುತ್ತದೆ.

ಯು.ಎಸ್.ಬಿ. ಟೋಕನ್‌ನಲ್ಲಿ ಡಿಜಿಟಲ್ ಪ್ರಮಾಣಪತ್ರ ಇಟ್ಟುಕೊಂಡವರು, ವಿಂಡೋಸ್ ಪರಿಷ್ಕರಣೆಯ ನಂತರ ಟೋಕನ್ ಗುರುತಿಸಲ್ಪಡದಿದ್ದರೆ, ಅದರ ಡ್ರೈವರ್ ಅನ್ನು ಮತ್ತೆ ಅಳವಡಿಸಬೇಕು. ಟೋಕನ್ ಅನ್ನು 'ಇನಿಷಿಯಲೈಜ್' ಮಾಡಿದರೆ ಒಳಗಿನ ಕೀಲಿ ಅಳಿಸಿಹೋಗುತ್ತದೆ. ಹೊಸ ಕೀಲಿಯೊಡನೆ ಪ್ರಮಾಣಪತ್ರ ಪಡೆದ ಬಳಿಕವೂ ಹಳೆಯ ಪತ್ರಗಳನ್ನು ತೆರೆಯಲು ಹಳೆಯ ಕೀಲಿಯೇ ಬೇಕು. ಅವಧಿ ಮುಗಿಯಿತೆಂದು ಅದನ್ನು ಎಸೆಯಬಾರದು. ಜಿ.ಎಸ್.ಟಿ. ಕಾಯಿದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಅಂತಿಮ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕಾಗುತ್ತದೆ. ಬಿಲ್ಲು, ಒಪ್ಪಂದಗಳು ಗೂಢಲಿಪಿಯ ಪತ್ರದಲ್ಲಿ ಮಾತ್ರ ಉಳಿದಿದ್ದು ಕೀಲಿ ಕಳೆದುಹೋದರೆ, ದಾಖಲೆ ಇದ್ದೂ ಇಲ್ಲದಂತೆಯೇ.

ಪ್ರಮಾಣಪತ್ರದ ಎಚ್ಚರಿಕೆ

ಎಚ್ಚರಿಕೆಗಳೆಲ್ಲವೂ ತಂತ್ರಾಂಶದ ಕಿರಿಕಿರಿಯಲ್ಲ. 2014ರ ಜುಲೈನಲ್ಲಿ ನಮ್ಮ ದೇಶದ ಎನ್.ಐ.ಸಿ. ಪ್ರಮಾಣೀಕರಣ ಪ್ರಾಧಿಕಾರದ ಹೆಸರಿನಲ್ಲಿ ಗೂಗಲ್‌ನ ಕೆಲವು ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದುದು ಪತ್ತೆಯಾಯಿತು. ಮೈಕ್ರೋಸಾಫ್ಟ್ ಮುಂತಾದ ಸಂಸ್ಥೆಗಳು ಪರಿಷ್ಕರಣೆಯ ಮೂಲಕವೇ ಅವುಗಳ ಮೇಲಿನ ವಿಶ್ವಾಸವನ್ನು ಹಿಂತೆಗೆದುಕೊಂಡವು. ಹೀಗಾಗಿ ಎಚ್ಚರಿಕೆ ಬಂದಾಗ ಪ್ರಮಾಣಪತ್ರದಲ್ಲಿರುವ ಹೆಸರು, ಇ-ಮೇಲ್ ವಿಳಾಸ, ಅವಧಿ ಮತ್ತು ನೀಡಿದ ಪ್ರಾಧಿಕಾರ ಇವುಗಳನ್ನು ಓದಿನೋಡಿ, ಬಳಿಕವೇ ಒಪ್ಪಿಗೆ ನೀಡಬೇಕು.

ಪರಿಷ್ಕರಣೆಗೆ ಮುನ್ನ ಮಾಡಬೇಕಾದುದು

1. ಯಂತ್ರದಲ್ಲಿರುವ ಖಾಸಗಿ ಕೀಲಿಯನ್ನು ಪಾಸ್‌ವರ್ಡ್ ಸಹಿತ ಪೆನ್‌ಡ್ರೈವ್‌ಗೆ ನಕಲು ಮಾಡಿ ತಿಜೋರಿಯಲ್ಲಿಡಿ. ಪಾಸ್‌ವರ್ಡ್ ಬೇರೆಡೆ ಇರಲಿ.
2. ಟೋಕನ್‌ನ ಡ್ರೈವರ್ ಮತ್ತು ಪಿನ್ ಕೈಯಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳಿ.
3. ಈಗಿನ ಸರ್ವರ್ ಹೆಸರು, ಪೋರ್ಟ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಡಿ.
4. ಎರಡು ಯಂತ್ರಗಳಿದ್ದರೆ ಒಂದನ್ನು ಮೊದಲು ಪರಿಷ್ಕರಿಸಿ. ಹಳೆಯದೊಂದು ಪತ್ರ ತೆರೆದು, ಹೊಸದೊಂದು ಕಳುಹಿಸಿ ನೋಡಿದ ನಂತರ ಇನ್ನೊಂದಕ್ಕೆ ಕೈಹಾಕಿ.

ದೋಷ ಸರಿಹೋಗುವವರೆಗೆ ಸಾಮಾನ್ಯ ಪತ್ರವ್ಯವಹಾರ ನಡೆಸಬಹುದಾದರೂ, ಬ್ಯಾಂಕ್ ಖಾತೆಯ ವಿವರವನ್ನು ತೆರೆದ ಇ-ಮೇಲ್‌ನಲ್ಲಿ ಕಳುಹಿಸಬಾರದು. 'ನಮ್ಮ ಖಾತೆ ಬದಲಾಗಿದೆ' ಎಂಬ ಪತ್ರ ಬಂದರೆ, ಆ ಪತ್ರದಲ್ಲಿರುವ ಸಂಖ್ಯೆಗಲ್ಲ, ಮೊದಲಿನಿಂದ ತಿಳಿದ ಸಂಖ್ಯೆಗೆ ದೂರವಾಣಿ ಮಾಡಿ ವಿಚಾರಿಸಬೇಕು. ಹಣ ವಂಚಕರ ಪಾಲಾದುದು ತಿಳಿದೊಡನೆ ಬ್ಯಾಂಕಿಗೂ, 1930 ಸಹಾಯವಾಣಿಗೂ ತಿಳಿಸಬೇಕು. ವಿಳಂಬವಾದಷ್ಟೂ ಹಣ ತಡೆಹಿಡಿಯುವ ಅವಕಾಶ ಕಡಿಮೆಯಾಗುತ್ತದೆ.

ಪರಿಷ್ಕರಣೆಗೆ ಹೆದರಿ ಹಳೆಯ ತಂತ್ರಾಂಶವನ್ನೇ ಮುಂದುವರಿಸುವುದು ಪರಿಹಾರವಲ್ಲ. ಉಗ್ರಾಣದ ಕೀಲಿಕೈಗೆ ತೋರುವ ಎಚ್ಚರವನ್ನು ಗಣಕಯಂತ್ರದ ಕೀಲಿಗೂ ತೋರಿದಲ್ಲಿ, ಪರಿಷ್ಕರಣೆಯು ವ್ಯಾಪಾರಕ್ಕೆ ಅಡ್ಡಿಯಾಗದೆ ರಕ್ಷಣೆಯೇ ಆಗುತ್ತದೆ.