ಕಂದು ಬ್ರೆಡ್ಡೆಲ್ಲ ನಾರಿನ ಬ್ರೆಡ್ಡಲ್ಲ

“ಹಕೀಮ್ ಸಾಬ್, ಸಕ್ಕರೆ ಬಿಟ್ಟು ವರ್ಷವಾಯಿತು. ಟೀ ಜೊತೆ ಎರಡು ರಸ್ಕ್, ಅಷ್ಟೇ.” ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಮಧುಮೇಹಿಗಳ ಬಾಯಲ್ಲಿ ಇದು ಸಾಮಾನ್ಯವಾದ ಮಾತು. ಸಕ್ಕರೆ ಬಿಟ್ಟದ್ದು ಒಳ್ಳೆಯದೇ. ಆದರೆ ರಸ್ಕ್, ಬನ್, ಖಾರಾ ಬಿಸ್ಕತ್ತುಗಳು ಹೆಚ್ಚಾಗಿ ಮೈದಾದವು. ನಾಲಿಗೆಗೆ ಸಿಹಿ ತಗುಲದಿದ್ದರೂ ಮೈದಾದ ಪಿಷ್ಟ ಬೇಗನೆ ಗ್ಲುಕೋಸ್ ಆಗಿ ರಕ್ತ ಸೇರುತ್ತದೆ.

ಇದನ್ನು ನಿಧಾನಗೊಳಿಸುವುದು ನಾರು. ಬಾರ್ಲಿ, ಓಟ್ಸ್, ಇಸಬಗೋಲುಗಳ ನಾರು ನೀರು ಹೀರಿ ಲೋಳೆಯಾಗುತ್ತದೆ. ಅದರ ನಡುವೆ ಸಿಕ್ಕ ಪಿಷ್ಟ ಮೆಲ್ಲಗೆ ಜೀರ್ಣವಾಗುತ್ತದೆ. ಗೋಧಿ ಬೂಸಾ ಮಲಬದ್ಧತೆಗೆ ಹೆಚ್ಚು ಉಪಯುಕ್ತ. 100 ಗ್ರಾಂ ಮೈದಾದಲ್ಲಿ ನಾರು 3 ಗ್ರಾಂಗಿಂತ ಕಡಿಮೆ. ಜರಡಿ ಹಿಡಿಯದ ಗೋಧಿಹಿಟ್ಟಿನಲ್ಲೂ ನಮ್ಮ ರಾಗಿಯಲ್ಲೂ ಸುಮಾರು 11 ಗ್ರಾಂ. ದಿನಕ್ಕೆ ಕನಿಷ್ಠ 25 ಗ್ರಾಂ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಪ್ರವಾದಿ(ಸ)ರ ಕಾಲದಲ್ಲಿ ಬಾರ್ಲಿಯನ್ನು ಬೀಸಿ, ಊದಿದಾಗ ಹಾರುವಷ್ಟು ಹೊಟ್ಟು ಹಾರಿದ ಮೇಲೆ ಉಳಿದುದನ್ನೆಲ್ಲ ನಾದಿ ತಿನ್ನುತ್ತಿದ್ದರೆಂದು ಸಹ್ಲ್ ಬಿನ್ ಸಅದ್(ರ) ತಿಳಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ನಾವೋ ಹಿಟ್ಟನ್ನು ಜರಡಿ ಹಿಡಿದು ಬೂಸಾವನ್ನು ಹಸುವಿಗೆ ಹಾಕುತ್ತೇವೆ, ಆಮೇಲೆ ಔಷಧಿ ಅಂಗಡಿಗೆ ಹೋಗಿ ನಾರಿನ ಪುಡಿ ಕೊಳ್ಳುತ್ತೇವೆ!

ಬ್ರೆಡ್ಡಿನ ಬಣ್ಣ ನೋಡಿ ಮರುಳಾಗಬೇಡಿ. ಸುಟ್ಟ ಸಕ್ಕರೆಯ ಬಣ್ಣ ಬೆರೆಸಿದರೂ ಬ್ರೆಡ್ ಕಂದಾಗುತ್ತದೆ. ಪೊಟ್ಟಣದ ಹಿಂಬದಿ ಓದಿ. ಹೆಚ್ಚು ತೂಕದ ಪದಾರ್ಥದ ಹೆಸರು ಮೊದಲಿರುತ್ತದೆ. ‘ರಾಗಿ ಬಿಸ್ಕತ್ತು’ ಎಂದಿದ್ದರೂ ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ಬಿಸ್ಕತ್ತೇ. ‘ಹೆಚ್ಚು ನಾರು’ ಎಂದು ಬರೆಯಲು 100 ಗ್ರಾಂನಲ್ಲಿ 6 ಗ್ರಾಂ ನಾರಿರಬೇಕೆಂಬುದು ಸಾಮಾನ್ಯ ಅಳತೆ. ಇನ್ನು ಕ್ಯಾಲೊರಿ: ಸಕ್ಕರೆ ಹಾಕದ ಬಿಸ್ಕತ್ತಿನಲ್ಲೂ ಹಿಟ್ಟು, ಡಾಲ್ಡಾ ಸೇರಿ 100 ಗ್ರಾಂಗೆ 400ಕ್ಕೂ ಹೆಚ್ಚು ಇರುವುದುಂಟು.

ಮನೆಯಲ್ಲೇ ಬೇಯಿಸುವುದಾದರೆ ಜರಡಿ ಹಿಡಿಯದ ಗೋಧಿಹಿಟ್ಟು ಎರಡು ಪಾಲು, ರಾಗಿಹಿಟ್ಟು ಅಥವಾ ಬಾರ್ಲಿಹಿಟ್ಟು ಒಂದು ಪಾಲು, ಮೇಲೊಂದು ಹಿಡಿ ಬೂಸಾ. ಬ್ರೆಡ್ ಅಷ್ಟಾಗಿ ಉಬ್ಬುವುದಿಲ್ಲ, ಮಕ್ಕಳು ಮುಖ ಸಿಂಡರಿಸಬಹುದು. ರಾಗಿ ಎಂದ ಮಾತ್ರಕ್ಕೆ ಅಳತೆಯಿಲ್ಲದೆ ತಿನ್ನಬೇಡಿ; ಅದರಲ್ಲೂ ಪಿಷ್ಟವೇ ಹೆಚ್ಚು. ಒಂದು ದಿನ ತಿನ್ನುವ ಮೊದಲು, ತಿಂದ ಎರಡು ಗಂಟೆಗೆ ಗ್ಲುಕೋಮೀಟರಿನಲ್ಲಿ ನೋಡಿ. ನಿಮ್ಮ ದೇಹಕ್ಕೆ ಎಷ್ಟು ಸರಿ ಎಂಬುದು ನನ್ನ ಪಟ್ಟಿಗಿಂತ ಅದರಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ನಾರನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ. ಇಲ್ಲದಿದ್ದರೆ ಹೊಟ್ಟೆಯುಬ್ಬರ ಗ್ಯಾರಂಟಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಆಹಾರ ಬದಲಿಸಬೇಕು. ಮಾತ್ರೆ, ಇನ್ಸುಲಿನ್‌ಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಯುನಾನಿ ಔಷಧಿ ತೆಗೆದುಕೊಳ್ಳುತ್ತಿದ್ದರೂ ಸರಿಯೇ. ಬೆವರಿ, ಕೈ ನಡುಗಿ, ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮಾತ್ರ ನಾರಿನ ಬ್ರೆಡ್ ಕೆಲಸಕ್ಕೆ ಬಾರದು. ಆಗ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸನ್ನು ನೀರಿನಲ್ಲಿ ಕಲಸಿ ಕೂಡಲೇ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.